ನಿಲ್ಲಿಸಿ ಒಯ್ಯಬೇಕಾದ ಕಲ್ಲು

ಶಹಾಬಾದಿನಿಂದ ಬೈಕಿನಲ್ಲಿ ಹೊರಟಾಗ ಬೆಳಗಿನ ಏಳೂವರೆ. ಫೆಬ್ರವರಿ ಮುಗಿಯುತ್ತಿತ್ತು, ಗಾಳಿಯಲ್ಲಿ ತಂಪು ಸ್ವಲ್ಪ ಉಳಿದಿತ್ತು. ಯೋಜನೆ ಎಂದರೆ ಇಷ್ಟೇ: ವಾಡಿ, ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿ ಮುಟ್ಟಬೇಕು, ಸಾಧ್ಯವಾದಷ್ಟೂ ದೊಡ್ಡ ರಸ್ತೆ ಹಿಡಿಯಬಾರದು. ಚರ್ಚಾಕೂಟದ ಗೆಳತಿಯೊಬ್ಬಳು, "ನಿಮ್ಮ ಕಡೆ ಬರೀ ಮರುಭೂಮಿ, ನೋಡೋದಕ್ಕೇನಿದೆ?" ಎಂದಿದ್ದಳು. ಮರುಭೂಮಿ ಅನ್ನಲು ಏನೇನು ಇರಬೇಕೆಂದು ಅರ್ಧ ತಾಸು ವಾದಿಸಿ ಗೆದ್ದಿದ್ದೆ. ಆ ದಾರಿಗಳನ್ನು ನಾನೂ ನೋಡಿಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಊರ ಹೊರಗೆ ನೆಲಕ್ಕೆ ಹಾಸುವ ಫರ್ಸಿಕಲ್ಲು ಮಾರುವ ಜಾಗದ ಪಕ್ಕ ಚಹಾಕ್ಕೆ ನಿಂತೆ. ಕಲ್ಲು ಕೆತ್ತುತ್ತಿದ್ದ ಮಲ್ಲಪ್ಪ ಎಂಬಾತ ತಲೆಯೆತ್ತಿ ಕೇಳಿದ.

"ಎಲ್ಲಿಗಿ ಹೊಂಟೀರಿ ತಂಗಿ?"

"ಚಿಂಚೋಳಿಗಿ."

"ಹಂಗಾದ್ರ ನಮ್ಮಕ್ಕಂದು ಒಂದು ಕಲ್ಲು ಅದ, ಒಯ್ತೀರೇನು?"

ಈ ಕಡೆ ಹೀಗೇ. ಹೋಗುವ ಊರಿನ ಹೆಸರು ಹೇಳಿದರೆ ಸಾಕು, ಕೈಗೊಂದು ಸಾಮಾನು ಬರುತ್ತದೆ. ಅಕ್ಕ ಲಕ್ಷ್ಮೀಬಾಯಿ ಇರುವುದು ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಲ್ಲಿ. ಮನೆಯಲ್ಲೇ ರೊಟ್ಟಿ ಮಾಡಿ ಮಾರಲು ಶುರು ಮಾಡುತ್ತಿದ್ದಾಳೆ. ಮಾರನೆಯ ದಿನ ಮುಂಜಾನೆ ಒಂದು ಹಾಸ್ಟೆಲಿಗೆ ನೂರು ರೊಟ್ಟಿ ಕೊಡಬೇಕು, ಅದೇ ಮೊದಲ ಆರ್ಡರು. ಇಬ್ಬರು ಅಕ್ಕಪಕ್ಕ ಕೂತು ರೊಟ್ಟಿ ಬಡಿಯಲು ಎರಡು ಫೂಟು ಉದ್ದದ, ಒಂದೂವರೆ ಫೂಟು ಅಗಲದ ನುಣ್ಣನೆಯ ಕಲ್ಲನ್ನು ತಮ್ಮ ತಯಾರು ಮಾಡಿದ್ದ.

ಅದಕ್ಕೆ ಗೋಣಿಚೀಲ ಸುತ್ತಿ, ಬೈಕಿನ ಎಡಮಗ್ಗುಲಿಗೆ ನಿಲ್ಲಿಸಿ ಬಿಗಿದ. "ಹಿಂಗೇ ನಿಲ್ಲಿಸಿ ಒಯ್ರಿ. ಮಲಗಿಸಬ್ಯಾಡ್ರಿ."

ಯಾಕೆಂದು ನಾನು ಕೇಳಲಿಲ್ಲ. ಆತನೂ ಹೇಳಲಿಲ್ಲ.

ವಾಡಿ ದಾಟಿದ ಮೇಲೆ ಮುಗಿದುಹೋದ ಕಲ್ಲುಗಣಿಗಳು ಬಂದವು. ಒಡೆದ ಕಲ್ಲಿನ ದಿಬ್ಬಗಳು, ಜಾಲಿಕಂಟಿ, ಆಳದಲ್ಲಿ ಅಲುಗದೆ ನಿಂತ ಹಸಿರು ನೀರು. ಮೂರು ಕಿಲೋಮೀಟರು ಒಂದು ಮನುಷ್ಯಾಕೃತಿಯಿಲ್ಲ. ಗೆಳತಿಗೆ ಒಂದು ಅಂಕ ಕೊಡಬೇಕಾಯಿತು. ಬೈಕು ಮಾತ್ರ ಎಡಕ್ಕೆ ಎಳೆಯುತ್ತಲೇ ಇತ್ತು. ನಿಲ್ಲಿಸಿ ಯೋಚಿಸಿದೆ. ಭಾರ ನಡುವೆ ಇದ್ದರೆ ಗಾಡಿ ಸ್ಥಿರವಾಗಿರುತ್ತದೆ, ಇದು ಶಾಲೆಯ ಪಾಠ. ಮಲ್ಲಪ್ಪ ಹೇಳಿದ್ದು ರೂಢಿ, ನನ್ನ ಹತ್ತಿರ ಇರುವುದು ಕಾರಣ. ಹಗ್ಗ ಬಿಚ್ಚಿ ಕಲ್ಲನ್ನು ಹಿಂದಿನ ಸೀಟಿನ ಮೇಲೆ ಅಡ್ಡ ಮಲಗಿಸಿ ಕಟ್ಟಿದೆ. ಬೈಕು ನೆಟ್ಟಗೆ ಓಡಿತು. ನನಗೆ ಭಾಳ ಖುಷಿಯಾಯಿತು.

ಚಿತ್ತಾಪುರದಲ್ಲಿ ಮೂವತ್ತು ರೂಪಾಯಿಗೆ ಮಂಡಕ್ಕಿಯ ಸುಸಲಾ, ಮಿರ್ಚಿಭಜಿ ತಿಂದೆ. ಅಲ್ಲಿಂದ ಸೇಡಂ ಕಡೆಗೆ ಹೊಲದ ದಾರಿ ಹಿಡಿದೆ. ತೊಗರಿ ಕೊಯ್ದಾಗಿತ್ತು, ಕಪ್ಪು ನೆಲ ಅಂಗೈ ಹೋಗುವಷ್ಟು ಬಿರುಕು ಬಿಟ್ಟಿತ್ತು. ದಾರಿಯೆಂದರೆ ಎರಡು ಚಕ್ಕಡಿ ಗಾಲಿಯ ಗೆರೆ, ಗೆರೆಯ ತುಂಬ ಕುಣಿ. ಫೋನಿನಲ್ಲಿ ನಕಾಶೆ ಖಾಲಿ. ಸೇಡಂ ಸಮೀಪದ ಒಂಟಿ ಚಹಾದಂಗಡಿ ಕಂಡಾಗ ಹನ್ನೆರಡೂವರೆ, ಬಿಸಿಲು ನೆತ್ತಿ ಸುಡುತ್ತಿತ್ತು.

ಅಂಗಡಿಯ ಇಮಾಮಸಾಬರು ಹರೆಯದಲ್ಲಿ ಗಣಿಯಲ್ಲಿ ಕಲ್ಲು ಸೀಳಿದವರು. ಸೀಟಿನ ಮೇಲಿದ್ದುದನ್ನು ನೋಡಿ ಎದ್ದು ಬಂದು, ಯಾರಿಗೆ, ಯಾತಕ್ಕೆ ಎಂದೆಲ್ಲ ಕೇಳಿದರು, ಹೇಳಿದೆ. ಗೋಣಿ ಸರಿಸಿ, ಇಕ್ಕಳದಿಂದ ಕಲ್ಲಿಗೆ ಎರಡು ಕಡೆ ಟಕ್ ಟಕ್ ಎನಿಸಿದರು, ಒಡಕು ಸದ್ದು ಬಂತು.

"ಬೇಟಾ, ಇದು ಬಿರುಕು ಬಿಟ್ಟದ."

"ಎಲ್ಲದ ಚಾಚಾ? ಒಂದು ಗೆರಿನೂ ಇಲ್ಲ. ಕೆಳಗ ಸೀಟು ಮೆತ್ತಗದ, ಅದಕ್ಕ ಸದ್ದು ಹಂಗ ಬರ್ತದ."

"ವಕೀಲಿಕಿ ಓದಾಕತ್ತೀಯೇನು?"

ಅವರು ಒಂದು ಚೊಂಬು ನೀರು ಸುರಿದು ಟವೆಲ್ಲಿನಿಂದ ಒರೆಸಿದರು. "ಈಗ ನೋಡು." ಬಿಸಿಲಿಗೆ ಕಲ್ಲು ನೋಡನೋಡುತ್ತಲೇ ಒಣಗಿತು. ಒಂದು ತುದಿಯಿಂದ ಎಂಟು ಇಂಚು ಒಳಗೆ, ಈ ಅಂಚಿನಿಂದ ಆ ಅಂಚಿನವರೆಗೆ, ಕೂದಲಿನಷ್ಟು ತೆಳ್ಳಗಿನ ಒದ್ದೆ ಗೆರೆ ಮಾತ್ರ ಒಣಗದೆ ಉಳಿಯಿತು.

"ನಿಂತ ಕಲ್ಲು ಏಟು ತಡೀತದ. ಮಲಗಿಸಿದ್ರ ಒಂದೊಂದು ಕುಣಿಗೂ ಬೆನ್ನ ಮುರೀತದ."

"ಬೈಕು ಎಡಕ್ಕ ಎಳೀತಿತ್ತು ಚಾಚಾ."

"ಬಲಕ್ಕೊಂದು ನೀರಿನ ಕ್ಯಾನು ಕಟ್ಟಬೇಕಿತ್ತು."

ಅಷ್ಟೇ ಇದ್ದದ್ದು. ಅಷ್ಟು ಹೊತ್ತಿಗೆ ಆ ಗೆರೆಯೂ ಒಣಗಿ ಕಲ್ಲು ಮೊದಲಿನಂತೆ ನುಣ್ಣಗೆ ಕಾಣುತ್ತಿತ್ತು.

"ಹೇಳದಿದ್ರ ಗೊತ್ತಾಗಂಗಿಲ್ಲೇನು?" ಎಂದೆ.

"ನಿನ್ನಿಂದ ಗೊತ್ತಾಗಂಗಿಲ್ಲ. ನಾಳಿ ರೊಟ್ಟಿ ಬಡಿವಾಗ ಕಲ್ಲೇ ಹೇಳ್ತದ."

ಕಲ್ಲನ್ನು ತಾವೇ ನಿಲ್ಲಿಸಿ ಕಟ್ಟಿ, ಬಲಕ್ಕೆ ತಮ್ಮ ಹಳೆಯ ಕ್ಯಾನಿಗೆ ನೀರು ತುಂಬಿ ತೂಗುಹಾಕಿದರು. ಕ್ಯಾನಿಗೆ ಹಣ ಕೊಡಹೋದರೆ ಚಹಾದ ಹತ್ತು ರೂಪಾಯಿ ಮಾತ್ರ ತೆಗೆದುಕೊಂಡರು. ಈ ಸಲ ಬೈಕು ಎಡಕ್ಕೆ ಎಳೆಯಲಿಲ್ಲ.

ಸೇಡಂನಿಂದ ಚಿಂಚೋಳಿಯವರೆಗೆ ನನ್ನ ಪರ ಮೂರು ವಾದ ಸಿದ್ಧಮಾಡಿದೆ. ದಾರಿ ಕೆಟ್ಟದ್ದು. ಬಿರುಕು ಮೊದಲೇ ಇದ್ದಿರಬಹುದು. ಅಪರಿಚಿತಳ ಕೈಗೆ ಇಂಥದ್ದನ್ನು ಕೊಡಬಾರದಿತ್ತು. ಮೂರೂ ಗಟ್ಟಿಯಾಗಿದ್ದವು, ಎರಡನೆಯದಂತೂ ಬಹುಮಾನಕ್ಕೆ ಯೋಗ್ಯ. ಅಷ್ಟರಲ್ಲಿ ಗುಡ್ಡ ಶುರುವಾಯಿತು. ಎಲೆ ಉದುರಿಸಿ ನಿಂತ ಕಾಡಿನ ನಡುವೆ ಮುತ್ತುಗದ ಮರಗಳು ಮೈತುಂಬ ಕೆಂಪು ಹೂ ಬಿಟ್ಟಿದ್ದವು. ಗೆಳತಿಗೆ ಕೊಟ್ಟ ಅಂಕ ವಾಪಸ್ ತೆಗೆದುಕೊಂಡೆ.

ಚಿಮ್ಮನಚೋಡ ಮುಟ್ಟಿದಾಗ ನಾಲ್ಕು ಗಂಟೆ. ಲಕ್ಷ್ಮೀಬಾಯಿ ಐವತ್ತರ ಹೆಂಗಸು, ಕೈಗೆ ಹಿಟ್ಟು ಹತ್ತಿತ್ತು.

"ಬರ್ರಿ, ಕುಂದ್ರಿ. ನೀರು ಕುಡೀರಿ."

"ಅಕ್ಕಾ, ಕಲ್ಲು ಬಿರುಕು ಬಿಟ್ಟದ," ಎಂದೆ. ಮೂರು ವಾದಗಳೂ ಬೈಕಿನ ಮೇಲೇ ಉಳಿದವು.

"ನಮ್ಮ ತಮ್ಮ ನಿಲ್ಲಿಸಿ ಕಟ್ಟಿರಲಿಲ್ಲೇನು?"

"ಕಟ್ಟಿದ್ರು. ನಾನೇ ಮಲಗಿಸಿದೆ."

ಆಕೆ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡಳು. "ಸಾಲಿ ಎಷ್ಟು ಓದೀರಿ?"

ಹೇಳಿದೆ. "ಸಾಕು ಬಿಡ್ರಿ," ಎಂದಳು.

ನೀರು ಸುರಿದು ಗೆರೆ ಹುಡುಕಿದಳು, ಇದ್ದಿಲಿನಿಂದ ಗುರುತು ಮಾಡಿದಳು. ಒಳಗಿನಿಂದ ಉಳಿ, ಸುತ್ತಿಗೆ ತಂದಳು. ಕಲ್ಲಿನವರ ಮನೆಯಲ್ಲಿ ಹುಟ್ಟಿದವಳು. ಗೆರೆಯುದ್ದಕ್ಕೂ ಸಣ್ಣ ಸಣ್ಣ ಏಟು ಹಾಕುತ್ತ ಹೋದಳು, ಐದಾರು ಸಲ. ಕಲ್ಲು ತಾನಾಗಿಯೇ ಬೇರೆಯಾಯಿತು. ದೊಡ್ಡ ತುಂಡು ಎತ್ತಿ ಕುಟ್ಟಿ ನೋಡಿದಳು. ಗಂಟೆಯಂಥ ಸದ್ದು.

"ಇದರ ಮ್ಯಾಲ ಒಬ್ಬಾಕಿ ಬಡೀಬಹುದು. ಸಣ್ಣದರ ಮ್ಯಾಲ ಹಿಟ್ಟು ನಾದಬಹುದು. ಇನ್ನೊಬ್ಬಾಕಿಗಿ ಮಗ್ಗುಲ ಮನ್ಯಾಕಿ ಕಟ್ಟಿಗಿ ಹಲಗಿ ಕೇಳಬೇಕು, ಆಕಿ ಸುಮ್ನ ಕೊಡಂಗಿಲ್ಲ, ನಾಕು ಮಾತು ಅಂತಾಳ. ನೀವೇ ಹೋಗಿ ಕೇಳ್ರಿ."

ಹೋಗಿ ಕೇಳಿದೆ. ನಾಲ್ಕಕ್ಕಿಂತ ಹೆಚ್ಚೇ ಅಂದಳು. ಹಲಗೆ ಸಿಕ್ಕಿತು.

ಆ ರಾತ್ರಿ ಅವರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಸಣ್ಣ ತುಂಡಿನ ಮೇಲೆ ಹಿಟ್ಟು ನಾದುವ ಕೆಲಸ ನನ್ನದಾಯಿತು. "ಇನ್ನಷ್ಟು ನಾದ್ರಿ, ರೊಟ್ಟಿ ಅಂಚು ಸೀಳ್ತದ," ಎಂದು ನಾಲ್ಕು ಸಲ ಬೈಸಿಕೊಂಡೆ. ಎಂಟಕ್ಕೆ ಹಾಸ್ಟೆಲಿನ ಆಟೋ ಬಂತು. ನೂರೂ ಬಿಸಿಯಾಗಿಯೇ ಹೋದವು. ಇನ್ನು ದಿನಾ ಬೇಕು ಎಂದು ಆಟೋದವನು ಹೇಳಿ ಹೋದ.

ಹೊರಡುವಾಗ ಲಕ್ಷ್ಮೀಬಾಯಿ ತಮ್ಮನಿಗೆಂದು ಒಣಗಿಸಿ ಗರಿಗರಿಯಾದ ಹದಿನೈದು ಕಟಕ್‌ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ತಂದಳು. ಕೈ ಚಾಚುವ ಮೊದಲು ನಾನು ಕೇಳಿದೆ:

"ಅಕ್ಕಾ, ಇದನ್ನ ನಿಲ್ಲಿಸಿ ಒಯ್ಯಲೋ, ಮಲಗಿಸಿ ಒಯ್ಯಲೋ?"

"ಮಲಗಿಸಿ."

"ಯಾಕ?"

ಆಕೆ ಮೊದಲ ಸಲ ನಕ್ಕಳು. "ಹ್ಯಾಂಗರ ಒಯ್ರಿ ತಂಗಿ. ಒಡದ್ರ ಒಡೀಲಿ. ರೊಟ್ಟಿ ಒಡದೇ ತಿನ್ನಬೇಕಲ್ಲ."