ಖಾಲಿ ಮನೆಗಳಿಗೆ ಹಚ್ಚಿದ ದೀಪ

ಹಾಳೂರಿಗೆ ಉಳಿದವನೇ ಗೌಡ ಅಂತಾರೆ. ಆನೆಗೊಂದಿಯ ಹೊಳೆದಂಡೆಯ ಮೇಲಿದ್ದ ಐದು ಮನೆಗಳ ಸಾಲಿಗೆ ಕೆಲವು ವರ್ಷ ನಾನೇ ಗೌಡತಿ, ನಾನೇ ಕಾವಲಿನ ವಾಲೀಕಾರ, ನಾನೇ ಪ್ರಜೆ. ಒಂದು ಮನೆಯಲ್ಲಿ ನಾನಿದ್ದೆ. ಉಳಿದ ನಾಲ್ಕರಲ್ಲಿ ಯಾರೂ ಇರಲಿಲ್ಲ.

ಆ ಮನೆಗಳನ್ನು ಕಟ್ಟಿಸಿದವರು ನಮ್ಮ ಮಾವನವರು. ಕುಷ್ಟಗಿ, ಯಲಬುರ್ಗಿ ಕಡೆ ಯುಗಾದಿ ಕಳೆಯುವುದೇ ತಡ, ಬಾವಿಗಳ ತಳ ಕಾಣುತ್ತಿತ್ತು. ಕೈಯಲ್ಲಿ ನಾಲ್ಕು ಕಾಸಿದ್ದವರು ಹೆಂಡಿರು ಮಕ್ಕಳನ್ನು ಕರೆದುಕೊಂಡು ಹೊಳೆಯ ಕಡೆ ಬಂದು ಬೇಸಿಗೆ ಕಳೆದು ಹೋಗುತ್ತಿದ್ದರು. ಮುಂಜಾನೆ ಹೊಳೆಸ್ನಾನ, ಸಂಜೆ ಮರಳಿನ ಮೇಲೆ ಕೂತು ಬುತ್ತಿ ಊಟ. ಇದನ್ನು ನೋಡಿ ಮಾವನವರಿಗೆ ಆಸೆ ಹುಟ್ಟಿತು. ಗಂಗಾವತಿಯ ಎಣ್ಣೆ ಅಂಗಡಿಯ ಗಳಿಕೆಯನ್ನೆಲ್ಲ ಕಲ್ಲಿಗೂ ತೊಲೆಗೂ ಸುರಿದು ಸಾಲುಮನೆ ಎಬ್ಬಿಸಿದರು. ಬೇಸಿಗೆಗೆ ಬಾಡಿಗೆ, ಬೇಕೆಂದವರಿಗೆ ಮಾರಾಟ ಎಂಬ ಲೆಕ್ಕ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಐದೂ ಮನೆ ತುಂಬಿ, ಕಟ್ಟೆಯ ಮೇಲೂ ಮಂದಿ ಮಲಗುತ್ತಿದ್ದರು. ಅವರ ಗದ್ದಲಕ್ಕೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಯಾವಾಗ ತೊಲಗುತ್ತಾರೋ ಎಂದು ಗೊಣಗುತ್ತಿದ್ದೆ. ದೇವರು ನನ್ನ ಬೇರೆ ಯಾವ ಮಾತನ್ನೂ ಕೇಳಲಿಲ್ಲ, ಅದೊಂದನ್ನು ಮಾತ್ರ ಚೆನ್ನಾಗಿ ಕೇಳಿಸಿಕೊಂಡ.

ಮಾವನವರು ತೀರಿಕೊಂಡರು. ಹಿಂದೆಯೇ ದೇಶದೇಶಗಳ ದೊಡ್ಡ ಲಡಾಯಿ ಶುರುವಾಯಿತು. ಜೋಳ, ಸೀಮೆಎಣ್ಣೆ, ಬಟ್ಟೆ, ಎಲ್ಲಕ್ಕೂ ತತ್ವಾರ. ಮನೆಯಲ್ಲಿ ರೊಟ್ಟಿಗೇ ಗತಿಯಿಲ್ಲದಿದ್ದಾಗ ಹೊಳೆಗಾಳಿ ಯಾರಿಗೆ ಬೇಕು? ಇದು ಸಾಲದೆಂಬಂತೆ, ಮೇಲೆ ಹೊಸಪೇಟೆಯ ಹತ್ತಿರ ಹೊಳೆಗೆ ಅಣೆಕಟ್ಟು ಕಟ್ಟುತ್ತಾರೆಂಬ ಸುದ್ದಿ ಹಬ್ಬಿತು. ಒಬ್ಬ ಬಂದು ಈ ಮನೆಗಳು ಮುಳುಗುತ್ತವೆ ಎಂದ. ಇನ್ನೊಬ್ಬ ಬಂದು ಹೊಳೆಯೇ ಬತ್ತುತ್ತದೆ ಎಂದ. ಕೊಳ್ಳಲು ಬಂದಿದ್ದವರು ಎರಡನ್ನೂ ನಂಬಿ ಗಾಡಿ ತಿರುಗಿಸಿದರು.

ನಮ್ಮ ಮನೆಯವರು ಗಂಗಾವತಿಯಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದರು. ವಾರಕ್ಕೊಮ್ಮೆ ಬಂದು ಒಂದು ಹೊತ್ತು ಉಂಡು, ಗೋಡೆಗಳನ್ನು ತಟ್ಟಿ ನೋಡಿ ಹೋಗುತ್ತಿದ್ದರು. ಮನುಷ್ಯರಿಲ್ಲದ ಮನೆಯ ಬಾಗಿಲಿಗೆ ನಾಲ್ಕು ದಿನದಲ್ಲಿ ಕಾಲು ಬಂದು ನಡೆದುಬಿಡುತ್ತದೆ, ಅದಕ್ಕೆ ನಾನು ಅಲ್ಲಿರಲೇಬೇಕಿತ್ತು. ಮಕ್ಕಳಿರಲಿಲ್ಲ. ರಾತ್ರಿ ಜೊತೆಗೆಂದು ಊರೊಳಗಿನ ಒಬ್ಬ ಮುದುಕಿ ಬರುತ್ತಿದ್ದಳು. ಬಂದವಳೇ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದಳು. ಒಂದೊಂದು ದಿನ ನನ್ನ ದನಿ ನನಗೇ ಕೇಳಿಸಲೆಂದು ಬೀಸುವಾಗ ಸುಮ್ಮನೆ ಯಾರನ್ನಾದರೂ ಬಯ್ಯುತ್ತಿದ್ದೆ.

ಆ ವರ್ಷಗಳಲ್ಲಿ ನನಗೆ ಇದ್ದವಳು ಒಬ್ಬಳೇ. ಕುಕನೂರಿನ ಅರಳೆ ವ್ಯಾಪಾರಿಯ ಹೆಂಡತಿ, ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ನಾನು ಯಕ್ಕಾ ಎನ್ನುತ್ತಿದ್ದೆ. ಎಲ್ಲರೂ ಬರುವುದು ಬಿಟ್ಟರೂ ಅವಳು ಬಿಡಲಿಲ್ಲ. ಬೇಸಿಗೆ ಬಂತೆಂದರೆ ಭಾನಾಪುರದಲ್ಲಿ ರೈಲು ಹತ್ತಿ, ಹೊಸಪೇಟೆಯಲ್ಲಿ ಇಳಿದು, ಗಾಡಿಯಲ್ಲಿ ಆಚೆ ದಂಡೆಗೆ ಬಂದು, ಹರಿಗೋಲಿನಲ್ಲಿ ಮಕ್ಕಳು ಗಂಟುಗಳ ಸಮೇತ ಇಳಿಯುತ್ತಿದ್ದಳು. ಸಾಲಿನ ಕೊನೆಯ ಮನೆ ಪ್ರತಿ ಬೇಸಿಗೆ ಅವಳಿಗೇ ಬಾಡಿಗೆ. ಅವಳು ಬಂದ ದಿನದಿಂದ ನನ್ನ ಬಾಯಿಗೆ ಬಿಡುವಿಲ್ಲ. ಅವಳೂ ಕಡಿಮೆಯವಳಲ್ಲ. "ಏ ತಂಗಿ, ನಿನ್ನ ಸಾರು ಕುಡದ್ರ ಹೊಳಿಗೇ ಬಾಯಾರಿಕಿ ಆಗ್ತೈತಿ ನೋಡು, ಅಷ್ಟು ಉಪ್ಪು" ಎನ್ನುತ್ತಿದ್ದಳು. ನಾನು ಸಿಟ್ಟಾಗುತ್ತಿದ್ದೆ. ಮರುದಿನ ಮತ್ತೆ ಅವಳಿಗೆಂದೇ ಒಂದು ಹಿಡಿ ಹೆಚ್ಚು ಬೇಳೆ ಹಾಕುತ್ತಿದ್ದೆ.

ಕೊನೆಯ ಬಾರಿ ಹೋಗುವಾಗ ಹರಿಗೋಲಿನ ಬಳಿ ನಿಂತು ನನ್ನ ಕೈ ಹಿಡಿದುಕೊಂಡಳು. "ಬರೂ ಬ್ಯಾಸಗಿಗೆ ನಮ್ಮ ಮನಿಯವರ್ನೂ ಕರ್ಕೊಂಡು ಬರ್ತೀನಿ. ಆ ಕೊನೀ ಮನಿ ಕೊಂಡುಬಿಡ್ರಿ ಅಂತ ಹೇಳೀನಿ. ಅವರ ಅವ್ವಗ ಹೊಳಿ ನೀರು ಛಲೋ ಹಿಡೀತೈತಿ. ವರ್ಷಾನಗಟ್ಲೆ ಇಲ್ಲೇ ಇದ್ದುಬಿಡ್ತೀವಿ. ನೀ ಮಾತ್ರ ಉಪ್ಪು ಕಡಿಮಿ ಮಾಡು" ಎಂದಳು.

ಆ ಒಂದು ಮಾತಿನ ಮೇಲೆ ನಾನು ಮಳೆಗಾಲ ಕಳೆದೆ, ಚಳಿಗಾಲ ಕಳೆದೆ. ಅವಳು ಬಂದರೆ ನನಗೊಂದು ನೆರೆಮನೆ. ಸಂಜೆ ಎದ್ದು ಹೋಗಿ ಕೂರಲು ಒಂದು ಕಟ್ಟೆ. ಅದಕ್ಕಿಂತ ಹೆಚ್ಚಿನದೇನನ್ನೂ ನಾನು ಬೇಡಿರಲಿಲ್ಲ.

ನಮ್ಮವರಿಗೂ ಅದೇ ಕೊನೆಯ ಆಸೆ. "ಈ ಬ್ಯಾಸಗೀಲಿ ಒಂದಾದ್ರೂ ಹೋದ್ರ ಉಳಿದಾವಕ್ಕೂ ಗಿರಾಕಿ ಬರ್ತಾರ. ಹೋಗ್ಲಿಲ್ಲಂದ್ರ ನೀ ಇರೋದೊಂದು ಬಿಟ್ಟು ನಾಕೂ ಮನಿ ತೊಲಿ, ಬಾಗಿಲಾ ಬಿಚ್ಚಿ ಮಾರ್ತೀನಿ. ಮನಿ ಹೋಗದಿದ್ರ ಕಟ್ಟಿಗಿಯಾದ್ರೂ ಹೋಗ್ಲಿ" ಎಂದರು.

ಯುಗಾದಿಯ ಹೊತ್ತಿಗೆ ಕೊಪ್ಪಳದಿಂದ ಒಬ್ಬ ದಲ್ಲಾಳಿಯನ್ನು ಕರೆತಂದರು. ಎಮ್ಮೆ ಮಾರಿಸುತ್ತಿದ್ದವನು, ಈಗ ಮನೆ ಮಾರಿಸಲು ಬಂದಿದ್ದ. ಸಾಲಿನ ಈ ತುದಿಯಿಂದ ಆ ತುದಿಗೆ ನಡೆದು, ನಾನು ಕೊಟ್ಟ ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡ.

"ಅವ್ವಾರ, ಕತ್ತಲಾದ ಮ್ಯಾಲೆ ಈ ಮನಿಗೋಳು ಹೆಂಗ ಕಾಣ್ತಾವ ಗೊತ್ತೇನ್ರಿ? ಪ್ಲೇಗ್ ಬಂದು ಮಂದಿ ಬಿಟ್ಟು ಹೋದ ಊರಿನಂಗ ಕಾಣ್ತಾವ. ಹಂತಾ ಮನಿ ಯಾರು ಕೊಳ್ತಾರ್ರಿ?"

"ಎಮ್ಮಿ ಆದ್ರ ಕೋಡಿಗೆ ಎಣ್ಣಿ ಹಚ್ಚತಿದ್ರಿ. ಮನಿಗೇನು ಹಚ್ಚಬೇಕು?" ಎಂದೆ.

ಅವನು ನಗಲಿಲ್ಲ. "ದೀಪ ಹಚ್ರಿ. ಎಲ್ಲಾ ಮನಿಗೂ. ಮಂದಿ ಇರೋ ಕಡೆಗೇ ಮಂದಿ ಬರ್ತಾರ."

ಮಾತು ಸರಿ ಎನ್ನಿಸಿತು. ಪ್ಲೇಗಿನ ವರ್ಷಗಳಲ್ಲಿ ಊರು ಬಿಟ್ಟು ಗುಡಿಸಲಲ್ಲಿದ್ದವರು ನಾವು. ದೀಪವಿಲ್ಲದ ಮನೆಗಳ ಸಾಲು ಕಂಡರೆ ನನಗೇ ಎದೆ ಝಲ್ಲೆನ್ನುತ್ತಿತ್ತು. ಅಂಗಡಿಯಿಂದ ಔಡಲೆಣ್ಣೆ ಬಂತು. ಹೊತ್ತು ಮುಳುಗುತ್ತಲೇ ಐದು ಹಣತೆ ಹಿಡಿದು ಹೊರಟು, ಹೊಳೆಯ ಕಡೆಗಿದ್ದ ಒಂದೊಂದು ಕಿಟಕಿಯಲ್ಲೂ ಇಡುತ್ತಾ ಹೋಗುತ್ತಿದ್ದೆ.

ನಿಜ ಹೇಳಬೇಕೆಂದರೆ ಅದು ನನಗೆ ಬಹಳ ಹಿಡಿಸಿಬಿಟ್ಟಿತು. ದೀಪ ಇಟ್ಟ ಮೇಲೆ ಪ್ರತಿ ಬಾಗಿಲ ಮುಂದೆ ನಿಂತು "ಅಡಗಿ ಆತೇನ್ರಿ?" ಎಂದು ಕೇಳುತ್ತಿದ್ದೆ. ಉತ್ತರವನ್ನೂ ನಾನೇ ಹೇಳಿಕೊಳ್ಳುತ್ತಿದ್ದೆ. ಎರಡನೆಯ ಮನೆಯವರಿಗೆ ಜ್ವರ, ಮೂರನೆಯ ಮನೆಯ ಸೊಸೆ ಜಗಳಗಂಟಿ. ಕೊನೆಯ ಮನೆಯ ಮುಂದೆ ಮಾತ್ರ ಆಟ ಕಟ್ಟುತ್ತಿರಲಿಲ್ಲ. ಅಲ್ಲಿ ನಿಜವಾಗಿಯೂ ಒಬ್ಬಳು ಬರುವವಳಿದ್ದಳು. ಅವಳಿಗಾಗಿ ನೆಲ ಸಾರಿಸಿ, ಒಲೆಗೆ ಹೊಸ ಮಣ್ಣು ಮೆತ್ತಿ, ಹೊಸ ಗಡಿಗೆಯಲ್ಲಿ ನೀರು ತುಂಬಿಸಿಡುತ್ತಿದ್ದೆ.

ಚೈತ್ರ ಕಳೆಯಿತು. ವೈಶಾಖವೂ ಅರ್ಧವಾಯಿತು. ಒಂದು ಮುಂಜಾನೆ ನಾನು ಅಂಗಳ ಗುಡಿಸುತ್ತಿದ್ದಾಗ ಹರಿಗೋಲಿನ ಅಂಬಿಗ ದಂಡೆ ಹತ್ತಿ ಬಂದ. ಅವನ ಮನೆ ಆಚೆ ದಂಡೆಯಲ್ಲಿ. ಕೈಯಲ್ಲಿ ಒಂದು ಸಣ್ಣ ಗಂಟಿತ್ತು.

"ಕುಕನೂರು ಅಕ್ಕಾರು ಕೊಟ್ಟು ಹೋಗ್ಯಾರ್ರಿ, ನಿಮಗ ಮುಟ್ಟಿಸು ಅಂತ" ಎಂದ.

ಪೊರಕೆ ಕೆಳಗಿಟ್ಟು ಗಂಟು ಬಿಚ್ಚಿದೆ. ಒಂದು ಗುಳೇದಗುಡ್ಡದ ಕುಪ್ಪಸದ ಖಣ, ಅರಿಸಿನ ಕುಂಕುಮ.

"ಕೊಟ್ಟು ಹೋಗ್ಯಾರ ಅಂದ್ರ? ಎಲ್ಲಿಗೆ ಹೋಗ್ಯಾರ?"

"ಊರಿಗೆ ಹೊಳ್ಳಿ ಹೋದ್ರಲ್ರಿ. ನಿನ್ನೆ ರೈಲು ಭಾಳ ತಡಾ ಆಗಿತ್ತಂತ, ದಂಡಿಗೆ ಬರೋದ್ರಾಗ ಹೊತ್ತು ಮುಳುಗಿತ್ತು. ಯಜಮಾನ್ರು, ಮಕ್ಳು, ಒಬ್ಬ ಮುದುಕಿ, ಎಲ್ಲಾರೂ ಇದ್ರು. ನಾ ಹರಿಗೋಲು ನೀರಿಗೆ ಹಾಕೀನಿ, ಅಷ್ಟ್ರಾಗ ಅಕ್ಕಾರು ಈ ಕಡೆ ನೋಡಿದ್ರು. ಐದೂ ಮನ್ಯಾಗ ದೀಪ. ಕೊನೀದ್ರಾಗೂ ಐತಿ ಅಂತ ಎರಡು ಸಲ ಕೇಳಿದ್ರು. ಹೂಂ ಐತ್ರಿ ಅಂದೆ. ಗಂಗಾವತಿ ಕಡಿಂದ ಯಾರರೆ ಬಂದಿರಬೇಕಂತ ನಾನೂ ತಿಳಕೊಂಡಿದ್ದೆ. ಯಜಮಾನ್ರು, ತಡಾ ಮಾಡಿದ್ವಿ, ಯಾರೋ ತಗೊಂಡುಬಿಟ್ರು ಅಂದ್ರು. ರಾತ್ರಿ ಆ ಕಡೆ ಛತ್ರದಾಗ ಇದ್ದು, ಬೆಳಗಾಗೂದಕ್ಕ ಗಾಡಿ ಕಟ್ಟಿಸಿದ್ರು."

ನನಗೆ ಕೆಂಡದಂಥ ಸಿಟ್ಟು ಬಂತು. "ನನ್ನ ಮಾತಾಡ್ಸಾಕಾದ್ರೂ ಬರಬೇಕೋ ಬ್ಯಾಡೋ? ಇಷ್ಟು ದೂರ ಬಂದಾಕಿಗೆ ಹೊಳಿ ಒಂದು ದೊಡ್ಡದಾತೇನು?"

ಅಂಬಿಗ ತಲೆಯ ರುಮಾಲು ಸರಿಮಾಡಿಕೊಂಡ. "ನಾನೂ ಅದನ್ನ ಹೇಳಿದ್ನಿರಿ. ಅದಕ್ಕ ಅಕ್ಕಾರು, ನಾ ಹೋದ್ರ ಆಕಿ ತನ್ನ ಮನಿ ನಮಗ ಬಿಟ್ಟುಕೊಟ್ಟು ತಾ ಕಟ್ಟಿ ಮ್ಯಾಲೆ ಮಲಗ್ತಾಳ, ಆಕಿ ಗುಣ ನನಗ ಗೊತ್ತೈತಿ, ಮಂದಿ ತುಂಬಿದ ಹೊತ್ತಿನ್ಯಾಗ ಆಕಿಗ್ಯಾಕ ತ್ರಾಸು ಕೊಡ್ಲಿ ಅಂದ್ರು. ಮನಿ ಎಲ್ಲಾ ತುಂಬಿದ್ದು ನೋಡಿ ಭಾಳ ಸಂತೋಷ ಆತು, ಇನ್ನ ಆಕಿ ಒಬ್ಬಾಕಿನ ಅಲ್ಲ ಅಂತ ಹೇಳು ಅಂದ್ರು. ಕಣ್ಣಾಗ ನೀರು ತಂದುಕೊಂಡ್ರು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಆ ತುತ್ತನ್ನು ನಾನೇ ಎಣ್ಣೆ ಹೊಯ್ದು, ಬತ್ತಿ ಹೊಸೆದು ಆಚೆ ಕಳಿಸಿದ್ದೆ.

ಬಾಗಿಲಿಗೆ ಚಿಲಕ ಹಾಕದೆ ಹರಿಗೋಲು ಹತ್ತಿದೆ. ಹೊಳೆ ದಾಟುವಷ್ಟು ಹೊತ್ತೂ ಅಂಬಿಗ ಏನೋ ಹೇಳುತ್ತಿದ್ದ, ನನ್ನ ಕಿವಿಗೆ ಬೀಳಲಿಲ್ಲ. ಛತ್ರದಲ್ಲಿ ಯಾರೂ ಇರಲಿಲ್ಲ. ಮೂಲೆಯಲ್ಲಿ ಮೂರು ಕಲ್ಲಿನ ಒಲೆ ಹೂಡಿ ಅಡಿಗೆ ಮಾಡಿದ್ದರು. ಹೋಗುವಾಗ ಅವಳು ಆ ಜಾಗವನ್ನು ಸಗಣಿ ಹಾಕಿ ಸಾರಿಸಿ ಹೋಗಿದ್ದಳು. ಎಲ್ಲಿ ಉಂಡರೂ ಹಾಗೆಯೇ ಸಾರಿಸಿ ಏಳುವವಳು ಅವಳು. ನೆಲ ಇನ್ನೂ ಹಸಿಯಾಗಿತ್ತು. ಅಲ್ಲೇ ಕೂತು ನಾಚಿಕೆ ಬಿಟ್ಟು ಅತ್ತೆ.

ಅವಳಿಗೆ ಸುದ್ದಿ ಮುಟ್ಟಿಸಲು ನಮ್ಮವರು ಕುಕನೂರಿನ ಸಂತೆಗೆ ಹೋಗುವವರ ಕೈಯಲ್ಲಿ ಹೇಳಿ ಕಳಿಸಿದರು. ಉತ್ತರ ಬರುವ ಹೊತ್ತಿಗೆ ಮಳೆ ಬಿದ್ದಿತ್ತು. ಅವಳ ಅತ್ತೆಗೆಂದು ಅವರು ಬೇರೆ ಕಡೆ ಮನೆ ಹಿಡಿದಾಗಿತ್ತು. ಆಷಾಢದಲ್ಲಿ ಬಡಿಗರು ಬಂದರು. ನಾಲ್ಕು ಮನೆಗಳ ತೊಲೆ, ಬಾಗಿಲು, ಕಿಟಕಿಗಳು ಗಾಡಿ ಏರಿ ಗಂಗಾವತಿಯ ಕಡೆ ಹೋದವು. ಬರಿಯ ಗೋಡೆಗಳ ಪಕ್ಕದಲ್ಲಿ ನಾನು ಇನ್ನೂ ಕೆಲವು ವರ್ಷ ಇದ್ದೆ.

ಆದರೆ ನನ್ನ ನೆನಪಿನಲ್ಲಿ ನಿಂತಿರುವುದು ಛತ್ರದಿಂದ ಹೊಳ್ಳಿ ಬಂದ ದಿನದ ಸಂಜೆ. ಹೊತ್ತು ಮುಳುಗಿತು. ರೂಢಿಯಂತೆ ಐದೂ ಹಣತೆ ತೊಳೆದಿಟ್ಟಿದ್ದೆ. ನಾಲ್ಕನ್ನು ಬೋರಲು ಹಾಕಿ ನನ್ನ ಕಿಟಕಿಯಲ್ಲಿ ಒಂದನ್ನೇ ಹಚ್ಚಿದೆ. ನಾನು ಒಬ್ಬಳೇ ಇದ್ದೇನೆ, ಜಾಗ ಇದೆ ಎಂದು ಆಚೆ ದಂಡೆಯಿಂದ ನೋಡಿದ ಯಾರಿಗಾದರೂ ಈಗ ತಿಳಿಯುತ್ತಿತ್ತು. ಅವಳು ತಂದ ಖಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ದಂಡೆಯನ್ನೇ ನೋಡುತ್ತಾ ಕೂತೆ. ಅಲ್ಲಿ ಯಾರೂ ಇರಲಿಲ್ಲ.