ಮನೆ ನಂಬರ್ ಕಡ್ಡಾಯ

ಅಥಣಿಯಲ್ಲಿ ನಾನು ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಆನ್‌ಲೈನ್ ಅರ್ಜಿಯ ಕಡೆಯ ದಿನ ಕುರಿಗಾರ ಸಿದ್ದಪ್ಪ ಮಗಳನ್ನು ಕರೆತಂದ. ಸೀಟು ಸಿಗದಿದ್ದರೆ ಆ ಹುಡುಗಿಯ ಶಾಲೆ ಏಳನೆಯ ತರಗತಿಗೇ ಮುಗಿಯುತ್ತಿತ್ತು.

“ಈಗ ಇರುವ ಮನೆಯ ನಂಬರ್ ಹೇಳಿ,” ಎಂದೆ.

“ಮನಿ ಎಲ್ಲೈತ್ರಿ ಅಕ್ಕೋರ? ಈ ವಾರ ಇಲ್ಲೇ ಬಾಜೂ ಅನಂತಪುರದ ಗೌಡ್ರ ಹೊಲದಾಗ ಕುರಿ ನಿಲ್ಸೇವ್ರಿ, ಗೊಬ್ಬರ ಬೀಳ್ಲಿ ಅಂತ. ಮುಂದಿನ ವಾರ ಯಾರ ಕರೀತಾರೋ ಅವರ ಹೊಲ.”

ಅದನ್ನೇ ಬರೆದೆ. ‘ಅಂಕಿ ಮಾತ್ರ ನಮೂದಿಸಿ’ ಎಂದು ಪರದೆಯ ಮೇಲೆ ಕೆಂಪಕ್ಷರ ಬಂತು. ಖಾಲಿ ಬಿಟ್ಟರೆ ‘ಕಡ್ಡಾಯ’ ಎಂದಿತು.

“ಅಂಕೀನ ಬೇಕಂದ್ರ ಕುರಿ ಎಷ್ಟದಾವ ಅಂತ ಬರೀರಲ್ಲ!”

“ತಮಾಷೆ ಬೇಡ,” ಎಂದೆ. ಹುಡುಗಿ ಉಗುರು ಕಚ್ಚುತ್ತಿದ್ದಳು. ಅದಕ್ಕೆ ಗದರಬೇಕಿತ್ತು, ಗದರಲಿಲ್ಲ. “ನನ್ನ ಮನೆಯ ನಂಬರನ್ನೇ ಹಾಕುತ್ತೇನೆ,” ಎಂದು ಒತ್ತಿದೆ. ಅರ್ಜಿ ಹೋಯಿತು.

ಸಿದ್ದಪ್ಪನ ಮುಖ ಮಾತ್ರ ಸಪ್ಪಗಾಯಿತು. “ಮಗಳ ಹೆಸರಿನ್ಯಾಗ ಸುಳ್ಳ ಬರದಂಗಾತಲ್ರಿ.”

ಮರುವಾರ ಬೆಳಿಗ್ಗೆ ಕದ ತೆರೆದರೆ ನನ್ನ ಅಂಗಳದ ತುಂಬ ಕುರಿ, ನಡುವೆ ಕಂಬಳಿ ಹೊದ್ದು ಕೂತ ಸಿದ್ದಪ್ಪ. “ಈಗ ಖರೇ ಆತ್ರಿ ಅಕ್ಕೋರ,” ಎಂದ.

ಚಪ್ಪಲಿ ಹಾಕಿಕೊಂಡವರನ್ನು ನಾನು ಅಂಗಳಕ್ಕೆ ಬಿಡುವವಳಲ್ಲ. ಕುರಿಗಳ ಕಾಲಲ್ಲಿ ಚಪ್ಪಲಿ ಇರಲಿಲ್ಲವಾದ್ದರಿಂದ ‘ಇರಲಿ’ ಎಂದೆ.