ಕಾಕು ಹಾಸಿದ ಕಂಬಳಿ

ನಿನ್ನೆ ಸೊಸೆ ಟ್ರಂಕಿನ ಅಡಿಯಿಂದ ಕರಿ ಕಂಬಳಿಯೊಂದನ್ನು ಎಳೆದು ಅಂಗಳದಲ್ಲಿ ಕೊಡವಿದಳು. ಕುರಿಯ ವಾಸನೆ ಮನೆತುಂಬ ಹಬ್ಬಿತು. ಎಳೆಗಳ ಸಂದಿಯಿಂದ ಹಳದಿ ಪುಡಿ ಉದುರಿತು.

"ಮಾಮಾ, ಕಂಬಳ್ಯಾಗ ಕಡ್ಲಿ ಹಿಟ್ಟು ಹೆಂಗ ಬಂತ್ರಿ? ಹುಳ ಬಿದ್ದಾವ ನೋಡ್ರಿ."

ನಕ್ಕೆ. ಆಮೇಲೆ ಕಂಬಳಿಯನ್ನು ಅವಳ ಕೈಯಿಂದ ತೆಗೆದುಕೊಂಡೆ.

ಆ ಕಂಬಳಿ ನಮ್ಮ ನೆರೆಮನೆಯ ಕಾಕು ಅವರದು; ಕಾಕು ಅಂದರೆ ನಮ್ಮ ಕಡೆ ಚಿಕ್ಕಮ್ಮ. ಮಿರಜ ಕಡೆಯ ಗಡಿಯೂರು ಆರಗದಲ್ಲಿ ಕುರಿ ಸಾಕಿಕೊಂಡಿದ್ದ ಹಿರಿಯ ಜೀವ. ಆರಗದಿಂದ ಲಿಂಗನೂರಿನ ತನಕ ನನ್ನ ಕೀಟಲೆಗೆ ಸಿಗದ ಮನುಷ್ಯನಿಲ್ಲ. ಸಿಕ್ಕವನು ಇನ್ನೂ ಮರೆತಿಲ್ಲ. ಕಾಕು ಮಾತ್ರ ಸಿಗುತ್ತಿರಲಿಲ್ಲ. ಒಮ್ಮೆ ಅವರ ಟಗರಿಗೆ ಬಾಸಿಂಗ ಕಟ್ಟಿಬಿಟ್ಟೆ. ಅದನ್ನು ನನ್ನ ಬಾಗಿಲಿಗೇ ಹೊಡೆದುಕೊಂಡು ಬಂದು, "ಬೀಗರು ಬಂದೇವಿ, ಊಟಕ್ಕ ಹಾಕೋ ಮಂಗ್ಯಾ" ಎಂದು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಉಣ್ಣಿಸಿಯೇ ಕಳಿಸಬೇಕಾಯಿತು.

ಮೊದಲ ಲಾಕ್‌ಡೌನಿನ ಬಿಸಿಲು. ಮಿರಜ ಹತ್ತಿರದ ಕುಪವಾಡದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಗಂಡ ಹೆಂಡತಿ, ಕಲಬುರಗಿ ಕಡೆಯವರು, ಊರಿಗೆಂದು ನಡೆದೇ ಹೊರಟಿದ್ದರು. ರಾಜ್ಯದ ಗಡಿ ಮುಚ್ಚಿತ್ತು. ಹಿಂದಿರುಗೋಣವೆಂದರೆ ಖೋಲಿಯ ಮಾಲೀಕ ಬೀಗ ಜಡಿದಿದ್ದ. ಅವಳಿಗೆ ದಿನ ತುಂಬಿತ್ತು. ಅವನಿಗೆ ಕೆಮ್ಮು. ಕಾಕು ಆ ಇಬ್ಬರನ್ನೂ ಬೇನೆ ಬಿದ್ದ ಕುರಿಗಳನ್ನು ಬೇರೆ ಕಟ್ಟುವ ಗುಡಿಸಲಿನಲ್ಲಿ ಇರಿಸಿ, ದೂರದಿಂದ ಅಂಬಲಿ ಸರಿಸುತ್ತಿದ್ದರು.

ಆ ಕೆಮ್ಮು ಊರಿಗೆ ಕೇಳಿಸಿತು... ನಾನೇ ಆಗ ತಲೆದಿಂಬಿನಲ್ಲಿ ಮುಖ ಒತ್ತಿ ಕೆಮ್ಮುತ್ತಿದ್ದೆ, ಮನೆಯವರಿಗೂ ಕೇಳಿಸಬಾರದೆಂದು. ಅಂಥ ಹೆದರಿಕೆ.

ಒಂದು ಇಳಿಹೊತ್ತು ಜನ ಬಡಿಗೆ ಹಿಡಿದು ಬಂದರು. ಮುಂದೆ ನಮ್ಮ ಓಣಿಯ ಹಿರಿಯ.

"ಕಾಕು, ಅವ್ರನ್ನ ಹೊರಗ ಹಾಕ್ರಿ. ಇಲ್ಲಾಂದ್ರ ಗುಡಸಲಾ ಸುಡ್ತೇವಿ."

ಒಳಗೆ ಅವಳು ನರಳುತ್ತಿದ್ದಳು. ಹೆರಿಗೆ ಬೇನೆ ಶುರುವಾಗಿತ್ತು.

ಕುರಿ ಕಾಯುವವರಲ್ಲಿ ಒಂದು ಕಟ್ಟಳೆ ಇದೆ. ಕಂಬಳಿ ಹಾಸಿ ಮೇಲೆ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಚೆಲ್ಲಿದರೆ ಅದು ದೇವರ ಗದ್ದುಗೆ. ಯಾರೂ ದಾಟುವುದಿಲ್ಲ. ಕಾಕು ಹೆಗಲ ಕಂಬಳಿಯನ್ನು ಗುಡಿಸಲಿನ ಬಾಗಿಲಿಗೆ ಅಡ್ಡ ಹಾಸಿದರು. ಸೊಂಟದ ಚೀಲಕ್ಕೆ ಕೈ ಹಾಕಿದರು. ಕೈ ಹೊರಗೆ ಬರಲಿಲ್ಲ. ಅಂಗಡಿಗಳು ಮುಚ್ಚಿ ಎಷ್ಟೋ ದಿನವಾಗಿತ್ತು, ಚೀಲ ಖಾಲಿ. ಪಕ್ಕದಲ್ಲಿದ್ದ ನನ್ನ ಕಡೆ ನೋಡಿದರು. ಆ ಕಣ್ಣುಗಳಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು.

"ಭಂಡಾರ ದೇವರ ಮುಂದ ಐತಿ, ತರ್ತೇನ್ರಿ" ಎಂದು ಅವರ ಮನೆಯೊಳಗೆ ಓಡಿದೆ. ದೇವರ ಮುಂದಿನ ಬಟ್ಟಲು ಖಾಲಿ, ಅಡುಗೆಯ ಅರಿಶಿನವೂ ಮುಗಿದಿತ್ತು. ಪಕ್ಕದ ಡಬ್ಬಿಯಲ್ಲಿ ಕಡಲೆ ಹಿಟ್ಟು. ಬೊಗಸೆ ತುಂಬಿಕೊಂಡು ಬಂದು, ದೇವರ ಹೆಸರು ಕೂಗಿ, ಚೆಲ್ಲಿಯೇಬಿಟ್ಟೆ. ಇಂಥ ಕೈಚಳಕ ಈ ಸೀಮೆಯಲ್ಲಿ ಇನ್ನೊಬ್ಬನಿಗಿಲ್ಲ.

ಜನ ನಿಂತರು. ಆದರೆ ಭಂಡಾರ ಕಂಡವರು ಹಣೆಗೆ ಹಚ್ಚಿಕೊಳ್ಳದೆ ಬಿಡುತ್ತಾರೆಯೇ? ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಹಿರಿಯ ಬಗ್ಗಿ ಚಿಟಿಕೆ ಎತ್ತಿಕೊಂಡ. ಬೆರಳಲ್ಲಿ ತಿಕ್ಕಿದ. ಮೂಗಿನ ಹತ್ತಿರ ಒಯ್ದ. ನನ್ನನ್ನೇ ನೋಡಿದ... ಬಡಿಗೆಗಳೆಲ್ಲ ಇನ್ನು ನನ್ನ ಬೆನ್ನಿಗೇ ಅಂದುಕೊಂಡೆ. ಅಷ್ಟರಲ್ಲಿ ಒಳಗಿನವಳು "ಯವ್ವಾ" ಎಂದು ಚೀರಿದಳು. ಅವನ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಆ ಹಿಟ್ಟನ್ನು ಹಣೆಗೆ ಒತ್ತಿಕೊಂಡ.

"ಭಂಡಾರ ಬಿದ್ದೈತಿ. ನಡೀರಿ ಹಿಂದಕ್ಕ" ಎಂದ.

ದೀಪ ಹಚ್ಚುವ ಹೊತ್ತಿಗೆ ಕಾಕು ಮೂಗು ಬಾಯಿಗೆ ಸೆರಗು ಬಿಗಿದು, ಕಂಬಳಿ ದಾಟಿ ಒಳಗೆ ಹೊರಟರು.

"ದೇವರ ಗದ್ದಿಗಿ ದಾಟಿದ್ರಲ್ರೀ ಕಾಕು!"

"ಕಡ್ಲಿ ಹಿಟ್ಟ ದಾಟಿದ್ರ ಪಾಪ ಹತ್ತಂಗಿಲ್ಲೋ ಮಂಗ್ಯಾ."

ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ಗಂಡನ ಕೆಮ್ಮೂ ದಿನ ಕಳೆದಂತೆ ಇಳಿಯಿತು. ಗಡಿ ತೆರೆದ ಮೇಲೆ ಮೂವರೂ ತಮ್ಮ ಊರ ಹಾದಿ ಹಿಡಿದರು.

ಮರುವರ್ಷ ಎರಡನೆಯ ಅಲೆಯಲ್ಲಿ ಕಾಕು ಮಲಗಿದರು. ಮಿರಜದಿಂದ ಆಂಬುಲೆನ್ಸ್ ಬಂತು. ಹಣೆಗೆ ಹಚ್ಚೋಣವೆಂದು ಭಂಡಾರ ತಂದಿದ್ದೆ; ಹತ್ತಿರ ಬಿಡಲಿಲ್ಲ. ದೂರದಿಂದಲೇ ಎರಚಿದೆ. ಗಾಳಿ ತಿರುಗಿ ನನ್ನ ಮುಖಕ್ಕೇ ಬಡಿಯಿತು. ಕಾಕು ಕಷ್ಟಪಟ್ಟು ತಲೆ ಎತ್ತಿದರು.

"ಇದಾದ್ರೂ ಖರೇ ಭಂಡಾರೇನಲೇ?"

"ಖರೇದ ಐತ್ರಿ, ಕಾಕು."

ಬಾಗಿಲು ಮುಚ್ಚಿತು. ಅವರು ತಿರುಗಿ ಬರಲಿಲ್ಲ... ರೋಗದ ಬಟ್ಟೆಯೆಂದು ಅವರ ಮಗ ಕಂಬಳಿಯನ್ನು ಸುಡಲು ಒಯ್ಯುತ್ತಿದ್ದ, ಕಸಿದುಕೊಂಡು ಬಂದೆ.

ಸೊಸೆ ತೊಳೆಯುತ್ತೇನೆ ಅನ್ನುತ್ತಾಳೆ. ಬೇಡ ಎಂದೆ. ಬಿಸಿಲು ತಾಗಲೆಂದು ಈಗ ಅದು ನಮ್ಮ ಹೊಸ್ತಿಲ ಮುಂದೆ ಹಾಸಿಕೊಂಡಿದೆ. ಬರೀ ಕಡಲೆ ಹಿಟ್ಟು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ದಾಟಲು ಕಾಲು ಏಳುತ್ತಿಲ್ಲ. ಬೆಳಗಿನಿಂದ ಹಿತ್ತಲ ಬಾಗಿಲಿನಿಂದಲೇ ಸುತ್ತಿ ಓಡಾಡುತ್ತಿದ್ದೇನೆ. ಮಂಗ್ಯಾ ಎಂದು ನಗುವವರು ಯಾರೂ ಇಲ್ಲ.